ನೆಲದಡಿಯ ನಾಲ್ಕು ಸಾವಿರ ಚೌಕಗಳು: ಜಪಾನಿನ ಡಂಜನ್ ಆಟಗಳ ಒಂದು ಸಮೀಕ್ಷೆ

ಒಂದು ನಾಡಿನಲ್ಲಿ ಹುಟ್ಟಿದ ಆಟದ ಪ್ರಕಾರವು ಆ ನಾಡಿನವರ ಮನಸ್ಸಿನಿಂದ ಮೆಲ್ಲನೆ ಮರೆಯಾಗಿ, ಸಮುದ್ರದಾಚೆಯ ಮತ್ತೊಂದು ನಾಡಿನಲ್ಲಿ ಬೇರೂರಿ, ಅಲ್ಲಿಯವರ ಪಿತ್ರಾರ್ಜಿತವೋ ಎಂಬಂತೆ ನಲವತ್ತು ವರ್ಷಗಳಿಂದ ಬಾಳಿಕೊಂಡು ಬಂದಿದ್ದರೆ, ಅದಕ್ಕೆ ಕಾರಣವೇನಿರಬಹುದೆಂದು ವಿಚಾರಿಸುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಕಂಪ್ಯೂಟರಿನ ಆಟಗಳಲ್ಲಿ ಡಂಜನ್ ಆಟವೆಂದು ಹೆಸರಾದ ಪ್ರಕಾರದ ಕಥೆ ಇಂತಹುದು. ಆಟಗಾರನು ನಾಲ್ಕೋ ಐದೋ ಆರೋ ಮಂದಿ ಸಾಹಸಿಗಳ ತಂಡವೊಂದನ್ನು ಕಟ್ಟಿ, ನೆಲದಡಿಯ ಹಲವು ಅಂತಸ್ತುಗಳ ಜಟಿಲವಾದ ಹಾದಿಗಳಿಗೆ ಅವರನ್ನು ಇಳಿಸಿ, ಅವರ ಕಣ್ಣಿಗೆ ಕಾಣುವಷ್ಟನ್ನೇ ತಾನೂ ಕಾಣುತ್ತ, ಒಂದೊಂದೇ ಹೆಜ್ಜೆ ಮುಂದಿಟ್ಟು, ಎದುರಾದ ಭೂತಪಿಶಾಚಿಗಳೊಡನೆ ಸರದಿಯ ಮೇಲೆ ಕಾದಾಡಿ, ದೊರೆತುದನ್ನು ಹೊತ್ತುಕೊಂಡು ಮೇಲಿನ ಊರಿಗೆ ಜೀವಸಹಿತ ಮರಳಬೇಕು. ಇದರ ಸ್ಥೂಲರೂಪ ಇಷ್ಟೆ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಕಣ್ದೆರೆದ ಈ ಆಟ ಜಪಾನಿನಲ್ಲಿ ಮಾತ್ರ ಏಕೆ ಇಷ್ಟು ನಿಷ್ಠೆಯಿಂದ ಪಾಲಿತವಾಯಿತು? ಅಂದಿನ ಯಂತ್ರಗಳ ಶಕ್ತಿ ಅಲ್ಪವಾಗಿದ್ದುದರಿಂದ ಗೋಡೆಗಳ ಗೆರೆಯೆಳೆಯುವುದೇ ಸುಲಭವಾಗಿತ್ತೆಂದು ಕೆಲವರು, ಜಪಾನೀಯರ ತಾಳ್ಮೆಯೇ ಕಾರಣವೆಂದು ಕೆಲವರು, ಬಾಲ್ಯದ ನೆನಪಿನ ಮೇಲಿನ ಮಮತೆಯೆಂದು ಇನ್ನು ಕೆಲವರು ಹೇಳುವುದುಂಟು. ಮೂರರಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಮೂರೂ ಸೇರಿದರೂ ಪ್ರಶ್ನೆಗೆ ಉತ್ತರ ಪೂರ್ಣವಾಗುವುದಿಲ್ಲವೆಂದು ನನ್ನ ನಂಬಿಕೆ. ಈ ಆಟದ ಪ್ರಾಣವಿರುವುದು ಎರಡು ವಿಷಯಗಳಲ್ಲಿ: ಇಟ್ಟ ಹೆಜ್ಜೆಯನ್ನು ಹಿಂದೆಗೆಯಲಾಗದ ಹೊಣೆಯಲ್ಲಿ, ಮತ್ತು ಭಯವನ್ನು ತಿಳಿವಳಿಕೆಯಾಗಿ ಮಾರ್ಪಡಿಸುವ ನಕ್ಷೆಯಲ್ಲಿ. ಇವೆರಡನ್ನೂ ಅರಿತು ಉಳಿಸಿಕೊಂಡವರು ಜಪಾನಿನ ಕರ್ತೃಗಳು.

ಮೂಲದಿಂದ ಪ್ರಾರಂಭಿಸುವುದು ಉಚಿತ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕುಳಿತು ಮಾತಿನಿಂದಲೂ ದಾಳದಿಂದಲೂ ಆಡುವ ಆಟವಾಗಿತ್ತು. ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೊ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಪಾಠಕ್ಕೆಂದು ಇರಿಸಿದ್ದ ಪರದೆಗಳ ಮೇಲೆ ವಿದ್ಯಾರ್ಥಿಗಳು ಅದರ ಅನುಕರಣಗಳನ್ನು ಒಂದು ವರ್ಷದೊಳಗೇ ರಚಿಸತೊಡಗಿದರು. ಈ ಪರಂಪರೆಯ ಪರಿಪಕ್ವ ಫಲವೆಂದರೆ, ಕಾರ್ನೆಲ್ ವಿಶ್ವವಿದ್ಯಾನಿಲಯದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಎಂಬ ಇಬ್ಬರು ಆಪಲ್ 2 ಯಂತ್ರಕ್ಕಾಗಿ ರಚಿಸಿ, ಸರ್-ಟೆಕ್ ಸಂಸ್ಥೆ 1981ರಲ್ಲಿ ಪ್ರಕಟಿಸಿದ ‘ವಿಜಾರ್ಡ್ರಿ’. ಅದರ ನೆಲಮಾಳಿಗೆಗೆ ಹತ್ತು ಅಂತಸ್ತು. ಒಂದೊಂದು ಅಂತಸ್ತೂ ಅಡ್ಡಕ್ಕೆ 20, ಉದ್ದಕ್ಕೆ 20 ಚೌಕ. ಒಟ್ಟಿನಲ್ಲಿ ನಾಲ್ಕು ಸಾವಿರ ಚೌಕಗಳ ಒಂದು ಜಗತ್ತು. ಹಜಾರದ ಗೋಡೆಗಳು ಬರಿಯ ಬಿಳಿಯ ಗೆರೆಗಳಾಗಿದ್ದು, ಅವುಗಳ ನಡುವೆ ಕಪ್ಪಲ್ಲದೆ ಬೇರೇನೂ ಇರಲಿಲ್ಲ.

ಈ ಆಟದ ನಿಯಮಗಳನ್ನು ಸ್ವಲ್ಪ ಹತ್ತಿರದಿಂದ ನೋಡದಿದ್ದರೆ ಮುಂದಿನ ಮಾತು ಅರ್ಥವಾಗಲಾರದು. ಕಾದಾಟದಲ್ಲಿ ಸತ್ತವನನ್ನು ಹೊತ್ತು ತಂದು ಊರಿನ ದೇಗುಲಕ್ಕೆ ಒಪ್ಪಿಸಿ, ಅವನ ಯೋಗ್ಯತೆಗೆ ತಕ್ಕ ಹೊನ್ನನ್ನು ತೆತ್ತರೆ ಅಲ್ಲಿಯ ಅರ್ಚಕರು ಜೀವ ತುಂಬಲು ಯತ್ನಿಸುತ್ತಾರೆ. ಆ ಯತ್ನ ವಿಫಲವಾದರೆ ದೇಹ ಬೂದಿಯಾಗುತ್ತದೆ. ಬೂದಿಗೆ ಮತ್ತೆ ಜೀವ ಬರಿಸುವ ಯತ್ನವೂ ವಿಫಲವಾದರೆ ಆ ಹೆಸರು ಪಟ್ಟಿಯಿಂದ ಶಾಶ್ವತವಾಗಿ ಅಳಿಸಿಹೋಗುತ್ತದೆ. ಆರು ಮಂದಿಯೂ ಒಟ್ಟಿಗೆ ಮಡಿದರೆ ಅವರ ಹೆಣಗಳು ಬಿದ್ದಲ್ಲಿಯೇ ಉಳಿಯುತ್ತವೆ. ಹೊಸದೊಂದು ತಂಡವನ್ನು ಕಟ್ಟಿ, ಅದನ್ನು ಅಷ್ಟು ದೂರ ಇಳಿಯಬಲ್ಲಷ್ಟು ಬಲಿಸಿ, ಆ ಚೌಕವನ್ನು ಹುಡುಕಿ ಹೋಗಿ ಹೆಣಗಳನ್ನು ಎತ್ತಿ ತರಬೇಕು. ನಡೆದುದೆಲ್ಲವೂ ಕೂಡಲೇ ಡಿಸ್ಕಿನ ಮೇಲೆ ದಾಖಲಾಗುತ್ತಿದ್ದುದರಿಂದ, ಆಗಬಾರದ್ದು ಆಯಿತೆಂದು ಹಿಂದಿನ ಸ್ಥಿತಿಗೆ ಮರಳಲು ಬರುತ್ತಿರಲಿಲ್ಲ. ಊರಿನ ಛತ್ರದಲ್ಲಿ ಹಣ ತೆತ್ತು ತಂಗಿದರೆ ಗಾಯ ಮಾಯುತ್ತದೆ, ಆದರೆ ವಯಸ್ಸೂ ಏರುತ್ತದೆ. ಕುದುರೆಲಾಯದಲ್ಲಿ ಪುಕ್ಕಟೆಯಾಗಿ ಮಲಗಿದರೆ ಗಾಯ ಮಾಯದು, ಆದರೆ ಮಂತ್ರಶಕ್ತಿ ಮರಳಿ ಬರುತ್ತದೆ. ಆದುದರಿಂದ ಜಾಣ ಆಟಗಾರರು ತಂಡವನ್ನು ಲಾಯದಲ್ಲಿ ಮಲಗಿಸಿ, ಬೆಳಗಾದೊಡನೆ ಪುರೋಹಿತನಿಂದ ಗಾಯಾಳುಗಳಿಗೆ ಮಂತ್ರ ಹಾಕಿಸಿ, ತೀರಿದ ಮಂತ್ರಶಕ್ತಿಗಾಗಿ ಅವನನ್ನು ಮತ್ತೆ ಲಾಯಕ್ಕೆ ಕಳುಹಿಸುವ ಮಿತವ್ಯಯದ ಮಾರ್ಗವನ್ನು ಕಂಡುಕೊಂಡರು. ಪೆಟ್ಟಿಗೆಯೊಂದು ಸಿಕ್ಕಿದರೆ ಅದರಲ್ಲಿ ವಿಷದ ಸೂಜಿಯಿದೆಯೋ, ಸಿಡಿಮದ್ದಿದೆಯೋ, ಕಾವಲಿನ ಗಂಟೆಯಿದೆಯೋ ಎಂದು ಕಳ್ಳನ ಕೈಯಿಂದ ಪರೀಕ್ಷಿಸಿ, ಅವನ ಮಾತನ್ನು ನಂಬುವುದೇ ಬಿಡುವುದೇ ಎಂದು ನಿಶ್ಚಯಿಸಿಕೊಳ್ಳಬೇಕು. ಸ್ಥಾನಾಂತರದ ಮಂತ್ರದಲ್ಲಿ ಲೆಕ್ಕ ತಪ್ಪಿತೋ, ತಂಡವೆಲ್ಲ ಬಂಡೆಯೊಳಗೆ ಹುದುಗಿ ಅಳಿಯಿತೆಂದೇ ಅರ್ಥ; ಜಪಾನಿನ ಆಟಗಾರರಲ್ಲಿ ಆ ದುರ್ಗತಿಯನ್ನು ಸಾರುವ ವಾಕ್ಯ ಇಂದಿಗೂ ಗಾದೆಯಂತೆ ಬಳಕೆಯಲ್ಲಿದೆ.

ಇಂತಹ ಕಠೋರತೆ ಜಪಾನಿಗೆ ಬಂದ ಬಗೆಯೂ ಗಮನಾರ್ಹ. ಹಾಲೆಂಡಿನಲ್ಲಿ ಹುಟ್ಟಿ ಜಪಾನಿಗೆ ಬಂದು ನೆಲೆಸಿದ್ದ ಹೆಂಕ್ ರಾಜರ್ಸ್ 1984ರಲ್ಲಿ ಎನ್‌ಇಸಿ ಸಂಸ್ಥೆಯ ಪಿಸಿ-8801 ಯಂತ್ರಕ್ಕಾಗಿ ‘ದ ಬ್ಲ್ಯಾಕ್ ಆನಿಕ್ಸ್’ ಎಂಬ ಆಟವನ್ನು ಹೊರತಂದನು. ಪಾತ್ರಧಾರಣೆಯ ಆಟವೆಂದರೇನೆಂದು ಅಲ್ಲಿಯ ಬಹುಮಂದಿಗೆ ಮೊದಲು ತೋರಿಸಿಕೊಟ್ಟುದು ಅದೇ. ಮರುವರ್ಷ ಆಸ್ಕಿ ಸಂಸ್ಥೆ ‘ವಿಜಾರ್ಡ್ರಿ’ಯನ್ನೇ ಜಪಾನಿನ ಯಂತ್ರಗಳಿಗೆ ಅಳವಡಿಸಿತು. ಆದರೆ ಮನೆಮನೆಯ ಮಕ್ಕಳಿಗೆ ಅದು ತಲುಪಿದುದು 1987ರ ಡಿಸೆಂಬರಿನಲ್ಲಿ, ಫ್ಯಾಮಿಕಾಮ್ ಯಂತ್ರದ ಮೂಲಕ. ಆ ರೂಪಾಂತರದ ಹೊಣೆ ಹೊತ್ತವನು ಎಂಡೊ ಮಸನೊಬು. ಈತನ ವಿಷಯದಲ್ಲಿ ಒಂದೆರಡು ಮಾತು ಹೆಚ್ಚಾಗಿ ಹೇಳಬೇಕು. 1984ರಲ್ಲಿ ನಾಮ್ಕೊ ಸಂಸ್ಥೆಗಾಗಿ ಈತ ರಚಿಸಿದ ‘ಟವರ್ ಆಫ್ ಡ್ರುವಾಗ’ ಎಂಬ ಆಟದಲ್ಲಿ 60 ಅಂತಸ್ತಿನ ಗೋಪುರವೊಂದಿತ್ತು; ಅಂತಸ್ತುಗಳಲ್ಲಿ ಅಡಗಿದ್ದ ನಿಧಿಗಳನ್ನು ಹೊರತರುವ ಉಪಾಯವನ್ನು ಆಟ ತಾನಾಗಿ ಎಲ್ಲಿಯೂ ಹೇಳುತ್ತಿರಲಿಲ್ಲ. ನಾಣ್ಯ ಹಾಕಿ ಆಡುವ ಅಂಗಡಿಗಳಲ್ಲಿ ಆಟಗಾರರು ನೋಟ್‌ಬುಕ್ಕನ್ನಿಟ್ಟು, ಒಬ್ಬನು ಕಂಡುಕೊಂಡುದನ್ನು ಇನ್ನೊಬ್ಬನಿಗಾಗಿ ಬರೆದಿಡುತ್ತಿದ್ದರು. ಹೆಸರು ತಿಳಿಯದ ಸಹಪಥಿಕರಿಗಾಗಿ ಕೈಬರೆಹದ ಸುಳಿವು ಬಿಟ್ಟುಹೋಗುವ ಈ ಪದ್ಧತಿ, ಡಂಜನ್ ಆಟಕ್ಕೆ ಬೇಕಾದ ಮನೋಧರ್ಮವನ್ನು ಜಪಾನಿನಲ್ಲಿ ಮೊದಲೇ ಹದಗೊಳಿಸಿತ್ತೆಂದು ನನಗೆ ತೋರುತ್ತದೆ.

ಎಂಡೊ ತಂದ ರೂಪಾಂತರ ಬರಿಯ ನಕಲಾಗಿರಲಿಲ್ಲ. ಸುಯೆಮಿ ಜುನ್ ಬರೆದ ಭೀಕರವೂ ಗಂಭೀರವೂ ಆದ ರಾಕ್ಷಸಚಿತ್ರಗಳು, ಹನೆದಾ ಕೆಂತಾರೊ ರಚಿಸಿದ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಛಾಯೆಯ ರಾಗಗಳು, ಅಮೆರಿಕದ ಮೂಲದಲ್ಲಿ ಹೇರಳವಾಗಿದ್ದ ವಿದ್ಯಾರ್ಥಿಸಹಜ ವಿನೋದವನ್ನು ಹಿಂದಕ್ಕೆ ಸರಿಸಿ, ಅದೇ ನಾಲ್ಕು ಸಾವಿರ ಚೌಕಗಳಿಗೆ ಒಂದು ಪುರಾಣದ ಘನತೆಯನ್ನು ತಂದುಕೊಟ್ಟವು. ಮೂಲ ಆಟದಲ್ಲಿ ಪಾತ್ರಗಳಿಗೆ ಹೆಸರು ಮತ್ತು ಅಂಕೆಗಳ ಹೊರತು ಇತಿಹಾಸವಾಗಲಿ ಮುಖವಾಗಲಿ ಇರಲಿಲ್ಲ. ಆ ಶೂನ್ಯವನ್ನು ಜಪಾನಿನ ಆಟಗಾರ ತನ್ನ ಕಲ್ಪನೆಯಿಂದ ತುಂಬಿಕೊಂಡನು. 1988ರಲ್ಲಿ ಬೆನ್ನಿ ಮತ್ಸುಯಾಮ ಈ ಆಟವನ್ನು ಆಧರಿಸಿ ಕಾದಂಬರಿಯೊಂದನ್ನೇ ಬರೆದನು. ಅರ್ಧ ಹೇಳಿ ಅರ್ಧ ಬಿಡುವ ಕಲೆಗೆ ಪಳಗಿದ ಓದುಗರ ನಾಡಿನಲ್ಲಿ ಇಂತಹ ಬರಿಗೆರೆಯ ಆಟ ರುಚಿಸಿದುದು ಆಶ್ಚರ್ಯವಲ್ಲ.

ಆದರೆ ಇದೇ ಕಾಲದಲ್ಲಿ ಜಪಾನಿನ ಹೆದ್ದಾರಿ ಬೇರೆಡೆಗೆ ಹೊರಳಿತ್ತು. 1986ರ ಮೇ ತಿಂಗಳಿನಲ್ಲಿ ಎನಿಕ್ಸ್ ಸಂಸ್ಥೆಯಿಂದ ಹೊರಬಂದ ‘ಡ್ರ್ಯಾಗನ್ ಕ್ವೆಸ್ಟ್’ ಆಟದಲ್ಲಿ ಹೊರಿಯಿ ಯೂಜಿ ಎಂಬ ಪ್ರತಿಭಾಶಾಲಿಯು, ಮೇಲಿನಿಂದ ಕಾಣುವ ವಿಶಾಲಭೂಮಿಯನ್ನು ರಿಚರ್ಡ್ ಗ್ಯಾರಿಯಟ್‌ನ ‘ಅಲ್ಟಿಮಾ’ದಿಂದಲೂ, ಶತ್ರುವನ್ನು ಮುಖಾಮುಖಿ ನಿಲ್ಲಿಸುವ ಯುದ್ಧವನ್ನು ‘ವಿಜಾರ್ಡ್ರಿ’ಯಿಂದಲೂ ತೆಗೆದುಕೊಂಡು, ಎರಡನ್ನೂ ಮಕ್ಕಳ ಕೈಗೆ ಒಗ್ಗುವಂತೆ ಹೆಣೆದನು. ಅಲ್ಲಿ ನಾಯಕ ಸತ್ತರೆ ಅರಸನ ಮುಂದೆ ಮತ್ತೆ ಎಚ್ಚರಗೊಳ್ಳುತ್ತಾನೆ. ಕೈಯಲ್ಲಿದ್ದ ಹೊನ್ನಿನಲ್ಲಿ ಅರ್ಧ ಹೋಗುತ್ತದೆ, ಗಳಿಸಿದ ಅನುಭವವೆಲ್ಲ ಉಳಿಯುತ್ತದೆ. ಇದು ಉದಾರವಾದ, ಕರುಣೆಯುಳ್ಳ ನಿಯಮ. ಲಕ್ಷಾಂತರ ಮಂದಿ ಈ ಪ್ರಕಾರದೊಳಕ್ಕೆ ಕಾಲಿಟ್ಟುದು ಇದರ ದೆಸೆಯಿಂದ. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೂ ಆ ಕರುಣೆಯೊಂದಿಗೆ ಒಂದು ವಸ್ತು ಕಳೆದುಹೋಯಿತು. ಸೋಲು ಕೇವಲ ವಿಳಂಬವಾದ ಮೇಲೆ ಮುಂದಿನ ತಿರುವಿನ ಕತ್ತಲೆ ಬರಿಯ ಬಣ್ಣವಾಗುತ್ತದೆ. ಹೆಜ್ಜೆ ಇಡುವ ಮುನ್ನ ಹಿಂದಿರುಗುವ ದಾರಿಯನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳುವ ಅಗತ್ಯ ಉಳಿಯುವುದಿಲ್ಲ.

ಯಂತ್ರದ ಬಡತನವೇ ಕಾರಣವೆಂಬ ವಾದ ಇಲ್ಲಿಯೇ ಕುಸಿಯುತ್ತದೆ. ಅಗ್ಗದ ಯಂತ್ರದಲ್ಲಿಯೂ ಮೇಲಿನಿಂದ ನೋಡುವ ಆಟ ಸುಲಭಸಾಧ್ಯವೆಂದು ‘ಡ್ರ್ಯಾಗನ್ ಕ್ವೆಸ್ಟ್’ ತೋರಿಸಿಕೊಟ್ಟ ಬಳಿಕವೂ, ಹಜಾರದೊಳಗಿನ ನೋಟವನ್ನೇ ಕೆಲವರು ಬೇಕೆಂದು ಆರಿಸಿಕೊಂಡರು. 1987ರ ಡಿಸೆಂಬರಿನಲ್ಲಿ ಸೆಗಾ ಸಂಸ್ಥೆ ಪ್ರಕಟಿಸಿದ ‘ಫ್ಯಾಂಟಸಿ ಸ್ಟಾರ್’ ಹೊರಗಿನ ಲೋಕವನ್ನು ಮೇಲಿನಿಂದ ತೋರಿಸಿ, ನೆಲಮಾಳಿಗೆಗೆ ಇಳಿದೊಡನೆ ನೋಟವನ್ನು ಬದಲಿಸುತ್ತಿತ್ತು. ನಾಕಾ ಯೂಜಿಯ ಕೌಶಲದಿಂದ ಅಲ್ಲಿ ಗೋಡೆಗಳು ಹೆಜ್ಜೆಗೊಮ್ಮೆ ಜಿಗಿಯದೆ ನಯವಾಗಿ ಸರಿದುಬರುತ್ತಿದ್ದವು. ಶಕ್ತಿ ಹೆಚ್ಚಿದ ಯಂತ್ರವನ್ನು ಹಜಾರವನ್ನು ತೊರೆಯಲು ಉಪಯೋಗಿಸದೆ, ಹಜಾರವನ್ನು ಇನ್ನಷ್ಟು ನಿಜಗೊಳಿಸಲು ಉಪಯೋಗಿಸಿದರೆಂಬುದು ಇಲ್ಲಿ ಮುಖ್ಯ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ‘ಮೆಗಾಮಿ ತೆನ್ಸೆಯಿ’ ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಕೃತಿ. ನಿಶಿತಾನಿ ಅಯ ಬರೆದ ಕಾದಂಬರಿಯನ್ನು ಆಧರಿಸಿ ಅಟ್ಲಸ್ ಸಂಸ್ಥೆ ರಚಿಸಿ ನಾಮ್ಕೊ ಪ್ರಕಟಿಸಿದ ಈ ಆಟದಲ್ಲಿ, ಎದುರಾದ ದೈತ್ಯಶಕ್ತಿಯೊಡನೆ ಕಾದಾಡುವುದರ ಬದಲು ಮಾತನಾಡಬಹುದು. ಹಣವನ್ನೋ ಕಾಣಿಕೆಯನ್ನೋ ಕೊಟ್ಟು ಒಲಿಸಿ ತಂಡಕ್ಕೆ ಸೇರಿಸಿಕೊಳ್ಳಬಹುದು. ಒಲಿದ ಎರಡನ್ನು ಕೂಡಿಸಿ ಮೂರನೆಯದೊಂದನ್ನು ಸೃಷ್ಟಿಸಬಹುದು. ಹಾಗೆ ಸೇರಿದವರನ್ನು ಜೊತೆಯಲ್ಲಿ ನಡೆಸಿಕೊಂಡು ಹೋಗಲು ಹೆಜ್ಜೆಹೆಜ್ಜೆಗೂ ಒಂದು ದ್ರವ್ಯ ಕರಗುತ್ತ ಹೋಗುತ್ತದೆ. ಆದುದರಿಂದ ಬಲಿಷ್ಠರ ಸಂಗವೂ ಒಂದು ಋಣವೇ. ಈ ಸರಣಿ ಬೆಳೆದಂತೆ ಜಗತ್ತಿನ ಮತಧರ್ಮಗಳ ದೇವತೆಗಳೆಲ್ಲರೂ ಇದರೊಳಗೆ ಬಂದು ನಿಂತರು. ನಮ್ಮ ಶಿವನೂ ವಿಷ್ಣುವೂ ಕಾಳಿಯೂ ಗಣಪತಿಯೂ, ಯೆಹೂದ್ಯ ಕ್ರೈಸ್ತ ದೇವದೂತರ ಮತ್ತು ಜಪಾನಿನ ಪ್ರಾಚೀನ ದೇವತೆಗಳ ಪಕ್ಕದಲ್ಲಿ, ಒಂದೇ ಸಾಮಾನ್ಯ ನಾಮಧೇಯದಡಿ ಪಟ್ಟಿಗೊಂಡಿದ್ದಾರೆ. ದೇವರಿಗೂ ದಾನವನಿಗೂ ಭೇದವಿಡದೆ ಸಕಲರನ್ನೂ ಮಾನವನ ಮುಂದೆ ಚೌಕಾಶಿಗೆ ನಿಲ್ಲಿಸುವ ಈ ಕಲ್ಪನೆ ಭಕ್ತರಾದ ನಮ್ಮ ಓದುಗರಿಗೆ ಅಹಿತವೆನಿಸಬಹುದು. ಆ ಸಂಕೋಚಕ್ಕೆ ನಾನು ಗೌರವ ಕೊಡುತ್ತೇನೆ. ಆದರೂ ಇಳಿದಷ್ಟೂ ನಿಗೂಢವಾಗುವ ಮಾಳಿಗೆಯಲ್ಲಿ ಎದುರು ನಿಂತವನು ಶತ್ರುವೋ ಮಿತ್ರನೋ ಎಂಬ ನಿಶ್ಚಯವನ್ನೇ ಆಟಗಾರನ ವಿವೇಚನೆಗೆ ಬಿಟ್ಟುದು ಈ ಪ್ರಕಾರಕ್ಕೆ ಜಪಾನು ಕೊಟ್ಟ ನೈಜ ಕೊಡುಗೆ.

1991ರ ‘ಶೈನಿಂಗ್ ಇನ್ ದ ಡಾರ್ಕ್‌ನೆಸ್’, 1992ರ ‘ಕಾರ್ಡ್ ಮಾಸ್ಟರ್’ ಮೊದಲಾದವು ಹಾದಿಯನ್ನು ಸವೆಸಿ ನುಣುಪು ಮಾಡಿದ ಕೃತಿಗಳು; ಅವುಗಳ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಾದುದಿಲ್ಲ. ಚುನ್‌ಸಾಫ್ಟ್ ಸಂಸ್ಥೆ 1993ರಿಂದ ಹೊರತಂದ ‘ಮಿಸ್ಟರಿ ಡಂಜನ್’ ಮಾಲಿಕೆಯ ವಂಶ ಬೇರೆ. ಪ್ರವೇಶಿಸಿದಾಗಲೆಲ್ಲ ಹಾದಿಗಳು ಹೊಸದಾಗಿ ರೂಪುಗೊಳ್ಳುವ ಅಲ್ಲಿ ನಕ್ಷೆಗೆ ನೆಲೆಯಿಲ್ಲ, ಆದುದರಿಂದ ಅದರ ವಿಚಾರ ಇಲ್ಲಿ ಅಪ್ರಸ್ತುತ. 1994ರ ‘ಕಿಂಗ್ಸ್ ಫೀಲ್ಡ್’ ಮಾತ್ರ ಒಂದು ತಿರುವು. ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ಈ ಮೊದಲ ಆಟ ಚೌಕಗಳನ್ನೂ ಸರದಿಯನ್ನೂ ತೊರೆದು, ಒಬ್ಬಂಟಿಯನ್ನು ಮಂದಗತಿಯ ಕತ್ತಲೆಯಲ್ಲಿ ನಡೆಯಬಿಟ್ಟಿತು. ಅದೇ ಸಂಸ್ಥೆ 2011ರಲ್ಲಿ ‘ಡಾರ್ಕ್ ಸೋಲ್ಸ್’ ರಚಿಸಿದಾಗ, ಸತ್ತ ಜಾಗದಲ್ಲಿಯೇ ಉಳಿಯುವ ಗಳಿಕೆಯನ್ನು ಮತ್ತೆ ಅಲ್ಲಿಗೆ ಹೋಗಿ ಎತ್ತಿಕೊಳ್ಳಬೇಕೆಂಬ ನಿಯಮವನ್ನಿರಿಸಿತು. ಹೆಣಗಳನ್ನು ಹುಡುಕಿಕೊಂಡು ಇಳಿಯುತ್ತಿದ್ದ ಹಳೆಯ ತಂಡಗಳ ನೆನಪು ಅದರಲ್ಲಿ ನನಗೆ ಕಾಣುತ್ತದೆ.

ಈಗ ನಕ್ಷೆಯ ಮಾತು. ಹಳೆಯ ಆಟಗಳಲ್ಲಿ ಯಂತ್ರ ನಕ್ಷೆಯನ್ನು ಕೊಡುತ್ತಿರಲಿಲ್ಲ. ಆಟಗಾರನೇ ಗ್ರಾಫ್ ಹಾಳೆ, ಸೀಸದಕಡ್ಡಿ, ರಬ್ಬರುಗಳನ್ನು ಪಕ್ಕದಲ್ಲಿಟ್ಟುಕೊಂಡು, ಒಂದು ಹೆಜ್ಜೆಗೆ ಒಂದು ಚೌಕದಂತೆ ಗೋಡೆ ಬಾಗಿಲುಗಳನ್ನು ಗುರುತಿಸಿಕೊಳ್ಳಬೇಕಾಗಿತ್ತು. ರಚಿಸಿದವರಿಗೂ ಇದು ಗೊತ್ತಿದ್ದುದರಿಂದ ಅವರ ಕುಹಕವೆಲ್ಲ ಆ ಹಾಳೆಯನ್ನೇ ಗುರಿಯಾಗಿ ಇರಿಸಿಕೊಂಡಿತ್ತು. ತಿರುಗುವ ನೆಲದ ಮೇಲೆ ಕಾಲಿಟ್ಟರೆ ಸದ್ದಿಲ್ಲದೆ ದಿಕ್ಕು ಬದಲಾಗುತ್ತದೆ. ಉತ್ತರವೆಂದು ನಂಬಿ ಬರೆದ ಹತ್ತು ಚೌಕಗಳು ಪೂರ್ವದವಾಗಿರುತ್ತವೆ. ಗಾಢಾಂಧಕಾರದ ವಲಯದಲ್ಲಿ ಗೋಡೆಯೇ ಕಾಣದೆ, ಹಾಯ್ದು ಹಾಯ್ದು ತಡವಿ ತಿಳಿಯಬೇಕು. ಒಳಹೋದ ಬಾಗಿಲು ಹಿಂದಿರುಗಿ ನೋಡಿದಾಗ ಗೋಡೆಯಾಗಿರುತ್ತದೆ. ಅಂತಸ್ತಿನ ಪೂರ್ವದ ಅಂಚನ್ನು ದಾಟಿದರೆ ಪಶ್ಚಿಮದ ಅಂಚಿನಲ್ಲಿ ಕಾಣಿಸಿಕೊಳ್ಳುವ ಕಾರಣ, ಹಾಳೆಯ ಕೊನೆ ಲೋಕದ ಕೊನೆಯಲ್ಲ. ತಾನಿರುವ ನೆಲೆಯನ್ನು ಮೆಟ್ಟಿಲಿನಿಂದ ಇಷ್ಟು ಪೂರ್ವ ಇಷ್ಟು ಉತ್ತರವೆಂದು ತಿಳಿಸುವ ಮಂತ್ರವೊಂದಿತ್ತು. ಆದರೆ ಅದನ್ನು ಪಠಿಸುವ ಮಾಂತ್ರಿಕನ ಶಕ್ತಿ ಮಿತವಾಗಿದ್ದುದರಿಂದ, ತನ್ನ ಅಜ್ಞಾನವನ್ನು ಹೋಗಲಾಡಿಸಲು ಯುದ್ಧಕ್ಕೆ ಬೇಕಾದ ಮಂತ್ರವನ್ನು ಬಲಿಗೊಡಬೇಕಾಗುತ್ತಿತ್ತು. ಇಷ್ಟೆಲ್ಲದರ ಮೇಲೆ, ಮೊದಲ ‘ವಿಜಾರ್ಡ್ರಿ’ಯಲ್ಲಿ ನಾಲ್ಕನೆಯ ಅಂತಸ್ತಿನಿಂದ ಒಂಬತ್ತನೆಯದಕ್ಕೆ ಲಿಫ್ಟ್ ಇದೆ, ನಡುವಿನ ನಾಲ್ಕು ಅಂತಸ್ತುಗಳಲ್ಲಿ ಗುರಿ ಮುಟ್ಟಲು ಅವಶ್ಯವಾದುದು ಒಂದೂ ಇಲ್ಲ. ಆದರೂ ಶ್ರದ್ಧೆಯುಳ್ಳ ಆಟಗಾರರು ಆ 1,600 ಚೌಕಗಳನ್ನೂ ಬಿಡದೆ ನಡೆದು ಬರೆದುಕೊಂಡರು. ಜಯವೊಂದೇ ಉದ್ದೇಶವಾಗಿದ್ದರೆ ಈ ಶ್ರಮಕ್ಕೆ ಅರ್ಥವಿಲ್ಲ. ಅಪರಿಚಿತವಾದುದನ್ನು ತನ್ನ ಕೈಯಿಂದಲೇ ಪರಿಚಿತವಾಗಿ ಮಾಡಿಕೊಳ್ಳುವ ಸುಖ ಅದಕ್ಕಿಂತ ಹಿರಿದೆಂದು ಅವರ ಹಾಳೆಗಳು ಸಾಕ್ಷಿ ನುಡಿಯುತ್ತವೆ.

ಮುಂದೆ ಯಂತ್ರಗಳು ನಕ್ಷೆಯನ್ನು ತಾವೇ ಬರೆಯತೊಡಗಿದವು. ಶ್ರಮ ಉಳಿಯಿತು, ಆದರೆ ಆಟಗಾರನ ಕಣ್ಣು ಹಜಾರವನ್ನು ಬಿಟ್ಟು ಮೂಲೆಯ ಪುಟ್ಟ ನಕ್ಷೆಯಲ್ಲಿ ನೆಟ್ಟಿತು. ಗೋಡೆಗಳನ್ನು ನೋಡುವವರೇ ಇಲ್ಲವಾದರು. ಈ ಸಂದಿಗ್ಧವನ್ನು ಸಮರ್ಥವಾಗಿ ಬಿಡಿಸಿದ ಕೃತಿಯೆಂದರೆ ಅಟ್ಲಸ್ ಸಂಸ್ಥೆ 2007ರ ಜನವರಿಯಲ್ಲಿ ನಿಂಟೆಂಡೊ ಡಿಎಸ್ ಯಂತ್ರಕ್ಕಾಗಿ ಪ್ರಕಟಿಸಿದ ‘ಸೆಕಾಯಿಜು ನೊ ಮೆಯಿಕ್ಯೂ’. ಹೊರನಾಡುಗಳಲ್ಲಿ ಇದಕ್ಕೆ ‘ಎಟ್ರಿಯನ್ ಒಡಿಸ್ಸಿ’ ಎಂದು ಹೆಸರು. ನಿಯಿನೊ ಕಜುಯಾ ಅದರ ನಿರ್ದೇಶಕ. ಎರಡು ಪರದೆಗಳ ಆ ಪುಟ್ಟ ಯಂತ್ರದಲ್ಲಿ ಮೇಲಿನದು ಹಜಾರವನ್ನು ತೋರಿಸಿದರೆ, ಕೆಳಗಿನದು ಬರಿದಾದ ಚೌಕಳಿ ಹಾಳೆ. ಕಡ್ಡಿಯಿಂದ ಗೋಡೆಯನ್ನು ಎಳೆಯುವುದೂ, ಬಾಗಿಲು ಮೆಟ್ಟಿಲು ನಿಧಿಗಳ ಚಿಹ್ನೆಯಿಡುವುದೂ ಆಟಗಾರನ ಪಾಲಿನ ಕೆಲಸ. ಊರಿನ ಅಧಿಕಾರಿಗಳು ಹೊಸ ತಂಡಕ್ಕೆ ವಿಧಿಸುವ ಮೊದಲ ಪರೀಕ್ಷೆಯೇ ಮೊದಲ ಅಂತಸ್ತಿನ ಒಂದು ಭಾಗದ ನಕ್ಷೆಯನ್ನು ಬರೆದು ತೋರಿಸುವುದು. ಹಾದಿಗಳಲ್ಲಿ ಪ್ರಬಲ ಮೃಗಗಳು ಕಣ್ಣಿಗೆ ಕಾಣುವಂತೆ ಸುಳಿದಾಡುತ್ತಿದ್ದು, ತಂಡ ಒಂದು ಹೆಜ್ಜೆಯಿಟ್ಟರೆ ಅವೂ ಒಂದು ಹೆಜ್ಜೆ ಇಡುತ್ತವೆ. ಅವುಗಳ ಸಂಚಾರದ ಕ್ರಮವನ್ನು ನಕ್ಷೆಯ ಮೇಲೆ ಗುರುತಿಸಿಕೊಂಡವನು ನುಸುಳಿ ಪಾರಾಗುತ್ತಾನೆ. ಹಳೆಯ ಗ್ರಾಫ್ ಹಾಳೆ ಇಲ್ಲಿ ಆಟದ ಹೊರಗಿನ ಸಾಧನವಾಗಿರದೆ ಆಟದ ಹೃದಯವೇ ಆಯಿತು. ಸಂಗೀತ ರಚಿಸಿದ ಕೊಶಿರೊ ಯೂಜೊ, ಎರಡು ದಶಕಗಳಷ್ಟು ಹಿಂದಿನ ಪಿಸಿ-88 ಯಂತ್ರದ ನಾದವನ್ನೇ ಇದಕ್ಕಾಗಿ ಆರಿಸಿಕೊಂಡನು; ಹೆಂಕ್ ರಾಜರ್ಸ್ ತನ್ನ ಆಟವನ್ನು ಇಟ್ಟುದು ಇದೇ ವಂಶದ ಯಂತ್ರದಲ್ಲಿ. ಆಟ ನಡೆಯುವ, ಮಹಾವೃಕ್ಷವೊಂದರಡಿಯ ಮೂವತ್ತು ಅಂತಸ್ತುಗಳ ಕಾಡುಗಳಲ್ಲಿ ಹಸುರೂ ಹೂವೂ ಬೆಳಕೂ ತುಂಬಿವೆ. ಆ ಬೆಳಕಿನಲ್ಲಿಯೇ ಚಿಟ್ಟೆಯಂತಹ ಕ್ಷುದ್ರಜೀವಿಯ ವಿಷದಿಂದ ಹೊಸ ತಂಡವೊಂದು ಅಳಿದುಹೋಗುವುದು ಸಾಮಾನ್ಯ. ಭಯಕ್ಕೆ ಕತ್ತಲೆಯೇ ಬೇಕೆಂಬುದು ಹುಸಿಯೆಂದು ಈ ಕೃತಿ ಸಾಧಿಸಿತು.

ಆಕ್ಷೇಪಗಳಿಲ್ಲವೆಂದಲ್ಲ. ಒಂದೇ ಹಜಾರದಲ್ಲಿ ಒಂದೇ ಬಗೆಯ ಶತ್ರುಗಳನ್ನು ಮತ್ತೆ ಮತ್ತೆ ಕೊಂದು ಬಲ ಬೆಳೆಸಿಕೊಳ್ಳಬೇಕಾದ ಏಕತಾನತೆಯನ್ನು ಕುರಿತ ಆಕ್ಷೇಪ ಅನೇಕ ಕೃತಿಗಳ ವಿಷಯದಲ್ಲಿ ಯಥಾರ್ಥವಾದುದು. ಅಂತಹವುಗಳಲ್ಲಿ ತಾಳ್ಮೆ ಗುಣವಾಗದೆ, ಬೆಲೆಯಾಗಿ ವಸೂಲಾಗುತ್ತದೆ. 2000ದ ನಂತರ ಸಣ್ಣ ಸಂಸ್ಥೆಗಳು ಹೊರತಂದ ಡಂಜನ್ ಆಟಗಳಲ್ಲಿ, ಕೊಳ್ಳುವವರ ಕಣ್ಣು ಸೆಳೆಯಲೆಂದು ಎಳೆಯ ಹೆಣ್ಣುಮಕ್ಕಳ ಚಿತ್ರಗಳನ್ನು ಅಸಭ್ಯವಾಗಿ ಬಳಸಿದವೂ ಇವೆ. ನೆಲಮಾಳಿಗೆಯ ರಚನೆ ಎಷ್ಟು ಜಾಣತನದ್ದಾಗಿದ್ದರೂ ಆ ಕೊಳೆ ನನಗೆ ಸಹ್ಯವಲ್ಲ. ಆದರೆ ಕಠಿನವಾದುದರಿಂದಲೇ ಈ ಆಟ ಕೆಟ್ಟುದೆಂಬ ಆಕ್ಷೇಪವನ್ನು ಒಪ್ಪಲಾರೆ. ಒಳ್ಳೆಯ ಡಂಜನಿನಲ್ಲಿ ತಂಡ ಅಳಿದಾಗ ಆಟಗಾರನಿಗೆ ಕಾರಣ ತಿಳಿದಿರುತ್ತದೆ: ಇನ್ನೊಂದು ಬಾಗಿಲನ್ನು ನೋಡಿ ಹೋಗೋಣವೆಂದು ನಿಂತ ಆ ಒಂದು ಕ್ಷಣ ಅವನದೇ ಆಗಿರುತ್ತದೆ.

ಅಮೆರಿಕದಲ್ಲಿ ‘ವಿಜಾರ್ಡ್ರಿ’ಯ ಮೂಲ ಸರಣಿ 2001ರಲ್ಲಿ ಎಂಟನೆಯ ಭಾಗದೊಡನೆ ಮುಗಿಯಿತು, ಜಪಾನಿನಲ್ಲಿ ಅದೇ ಹೆಸರಿನ ಹೊಸ ಆಟಗಳು ಅದಕ್ಕೆ ಮುಂಚೆಯೂ ಅನಂತರವೂ ಹುಟ್ಟುತ್ತಲೇ ಇದ್ದವು, ಮತ್ತು 2020ರಲ್ಲಿ ಆ ಹೆಸರಿನ ಹಕ್ಕುಗಳು ಜಪಾನಿನ ಡ್ರೆಕಾಮ್ ಸಂಸ್ಥೆಯ ವಶವಾದವು. ಪ್ರಭಾವ ಆಟಗಳಾಚೆಗೂ ಹರಿದಿದೆ: ಕುಯಿ ರ್ಯೋಕೊ 2014ರಿಂದ ಬರೆದ ‘ಡಂಜನ್ ಮೆಶಿ’ ಎಂಬ ಚಿತ್ರಕಥೆಯಲ್ಲಿ, ಸತ್ತವರನ್ನು ಬದುಕಿಸುವ ಖರ್ಚು, ಕೆಳಗಿಳಿದವರ ಹಸಿವು, ಹಿಂದೆ ಬಿಟ್ಟುಬಂದ ಸಂಗಾತಿಯ ದೇಹವನ್ನು ತರುವ ಆತುರ, ಇವೆಲ್ಲ ಮನೆಮಾತಿನ ಸಹಜತೆಯಿಂದ ಬಂದಿವೆ. 2024ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ ಮೊದಲ ‘ವಿಜಾರ್ಡ್ರಿ’ಯನ್ನು ಹೊಸ ಚಿತ್ರಗಳೊಡನೆ ಪುನಃ ಪ್ರಕಟಿಸಿದಾಗ, 1981ರ ಮೂಲ ಪ್ರೋಗ್ರಾಮನ್ನೇ ತಳಹದಿಯಾಗಿ ಉಳಿಸಿಕೊಂಡು, ಹಳೆಯ ಆಪಲ್ ಪರದೆಯನ್ನೂ ಆಟಗಾರ ನೋಡಲು ಸಾಧ್ಯವಾಗುವಂತೆ ಮಾಡಿತು; ಗ್ರೀನ್‌ಬರ್ಗ್ ತೀರಿಕೊಂಡುದು ಅದೇ ವರ್ಷದ ಆಗಸ್ಟಿನಲ್ಲಿ. ‘ಎಟ್ರಿಯನ್ ಒಡಿಸ್ಸಿ’ಯ ಮೊದಲ ಮೂರು ಭಾಗಗಳು 2023ರಲ್ಲಿ ಒಂದೇ ಪರದೆಯ ಯಂತ್ರಗಳಿಗೆ ಬಂದಿವೆ. ಅವುಗಳಲ್ಲಿ ಹಜಾರವೂ ನಕ್ಷೆಯೂ ಪಕ್ಕಪಕ್ಕದಲ್ಲಿ ನಿಲ್ಲಬೇಕಾಗಿ ಕೆಳಗಿನ ಹಾಳೆಯ ಆತ್ಮೀಯತೆ ಸ್ವಲ್ಪ ತಗ್ಗಿದೆ. ಗೋಡೆಗಳು ತಾವಾಗಿ ಮೂಡುವ ಅನುಕೂಲವೂ ಅಲ್ಲಿದೆ. ಹೊಸದಾಗಿ ಆಡುವವರು ಆ ಅನುಕೂಲವನ್ನು ನಿಲ್ಲಿಸಿ, ಮೊದಲ ಅಂತಸ್ತನ್ನಾದರೂ ಪೂರ್ತಿಯಾಗಿ ತಮ್ಮ ಕೈಯಿಂದಲೇ ಬರೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.